ಉಲಿ ಕಪ್ಪಾಗುವ ಹೊತ್ತು

ಲಾಗೋಸ್
ಜನವರಿ 9

ಅತ್ತೆ,

ತಮ್ಮ ಇಫೆಡಿ ಪೇಟೆಯಿಂದ ನಿನ್ನಲ್ಲಿಗೆ ಬಂದಾಗ ಅವನ ಫೋನಿಗೆ ಕರೆ ಮಾಡಿ ನಿನ್ನ ಕೈಗೆ ಕೊಡಿಸಿದರೆ ನೀನು "ಆಂ? ಯಾರು? ಆಂ?" ಅನ್ನುವುದರಲ್ಲೇ ಅರ್ಧ ದಿನ ಹೋಗುತ್ತದೆ. ಪಕ್ಕದಲ್ಲಿ ಅವನು ನಗುವುದು ಬೇರೆ. ಹಾಗಾಗಿ ಮತ್ತೆ ಕಾಗದ, ಅದನ್ನು ತರಲು ಮತ್ತೆ ಅದೇ ರಾತ್ರಿ ಬಸ್ಸಿನ ಡ್ರೈವರ್.

ನನ್ನ ಚಿತ್ರಗಳ ಪ್ರದರ್ಶನ ಶುರುವಾಯಿತು. ಬಾಗಿಲು ದಾಟಿದ ಕೂಡಲೇ ಎದುರಿಗೆ ನಿನ್ನ ಬೆನ್ನು! ಹೋದ ವರ್ಷ ನನಗೆ ಬೈಯುತ್ತ ಬೈಯುತ್ತ ಫೋಟೋ ತೆಗೆಸಿಕೊಂಡೆಯಲ್ಲ, ಒರಿಯಾಕು ಉಲಿ ಕಾಯಿಯ ರಸದಲ್ಲಿ ನಿನ್ನ ಬೆನ್ನ ಮೇಲೆ ಹೆಬ್ಬಾವಿನ ಸುರುಳಿ ಬರೆದಿದ್ದಳಲ್ಲ, ಅದನ್ನೇ ಗೋಡೆಯಷ್ಟು ದೊಡ್ಡದು ಮಾಡಿ ಮೇಲೆ ಬಣ್ಣ ಹಾಕಿದ್ದೇನೆ. ಹೆಸರು "ನನ್ನನ್ನು ಹೊತ್ತ ಬೆನ್ನು." ನನ್ನನ್ನೂ ತಮ್ಮನನ್ನೂ ಸಾಕಿದ ಸೋದರತ್ತೆಯ ಬೆನ್ನು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಜನ ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಒಬ್ಬ ಹೆಂಗಸು ಅತ್ತೇಬಿಟ್ಟಳು. ನಮ್ಮ ಅಜ್ಜಿಯೂ ಹೀಗೇ ಬರೆಸಿಕೊಳ್ಳುತ್ತಿದ್ದಳು, ನಾವು ನಾಚಿಕೆಪಡುತ್ತಿದ್ದೆವು ಅಂದಳು.

ಫೆಬ್ರವರಿಯಲ್ಲಿ ಒಂದಿಷ್ಟು ಜನರನ್ನು ಕರೆದುಕೊಂಡು ಊರಿಗೆ ಬರುತ್ತೇನೆ. ಮಳೆ ಶುರುವಾಗುವ ಮೊದಲು ಮನೆಯ ಮುಂದಿನ ಗೋಡೆಯನ್ನು ಹೆಂಗಸರೆಲ್ಲ ಸೇರಿ ಹೊಸದಾಗಿ ಬರೆಯೋಣ. ನೀನೇ ಯಜಮಾನಿ. ಕಾಯಿ ಬಿಟ್ಟಿದೆಯೇ? ಎಬೆರೆ ಹೇಗಿದ್ದಾಳೆ? ಎರಡು ಕೂಸು ಕಳೆದುಕೊಂಡವಳು, ಈ ಸಲವಾದರೂ ನಿಲ್ಲಲಿ. ಇಫೆಡಿ ಫೋನಿನಲ್ಲಿ ಹೆಂಡತಿಯ ಮಾತೆತ್ತಿದರೆ ಸಾಕು, ಮಾತು ತಿರುಗಿಸುತ್ತಾನೆ.

ನಿನ್ನ ಅಜುಕಾ


ಉಮುದಾರಾ
ಜನವರಿ 14, ಓರಿಯೆ ಸಂತೆಯ ದಿನ

ಅಜುಕಾ ಮಗಳೇ,

ಬರೆದದ್ದು ಓದಿದೆ. ನನ್ನ ಬೆನ್ನು ಲಾಗೋಸ್ ನೋಡಿತು, ನಾನಿನ್ನೂ ನೋಡಿಲ್ಲ. ಆ ಚಿತ್ರ ಇಲ್ಲಿಗೂ ಬಂದಿದೆ, ಫೋನುಗಳಲ್ಲಿ. ಎಲ್ಲರೂ ನೋಡಿದರು.

ಬಚ್ಚಲ ಹಿಂದೆ ಒಂದು, ಅಂಗಳದ ಅಂಚಿಗೆ ಒಂದು ಸಾಲು, ಉಲಿ ಗಿಡಗಳು ಚೆನ್ನಾಗಿ ಕಾಯಿ ಹಿಡಿದಿವೆ. ಗಾಳಿಗೆ ಧೂಳು ಬಹಳ. ತುಟಿ ಒಡೆದಿದೆ. ಪಕ್ಕದ ಮನೆಯವಳು ಉಪ್ಪು ಕೇಳಲು ಬರುವುದನ್ನು ನಿಲ್ಲಿಸಿದ್ದಾಳೆ, ಉಪ್ಪು ಉಳಿಯಿತು ಅನ್ನು.

ಫೆಬ್ರವರಿಯಲ್ಲಿ ಬರಬೇಡ. ಗೋಡೆ ಬಿರುಕು ಬಿಟ್ಟಿದೆ, ಬಣ್ಣ ನಿಲ್ಲುವುದಿಲ್ಲ. ಬರುವವರಿಗೂ ಬೇಡ ಅನ್ನು. ಮುಂದಿನ ವರ್ಷ ನೋಡೋಣ.

ಅತ್ತೆ


ಲಾಗೋಸ್
ಜನವರಿ 19

ಅತ್ತೆ,

ಗೋಡೆ ಬಿರುಕು ಬಿಟ್ಟರೆ ಮಣ್ಣು ಮೆತ್ತಲು ನನಗೆ ಕಲಿಸಿದವಳು ನೀನೇ. ನಿನ್ನ ಹೊಲಿಗೆ ಕ್ಲಾಸಿನಲ್ಲಿ ನೂಲು ಸಿಕ್ಕಾದರೆ "ಕತ್ತರಿ ಮುಟ್ಟಬೇಡ, ಬಿಡಿಸು" ಎಂದು ತಲೆಗೆ ಮೊಟಕುತ್ತಿದ್ದವಳು ಈಗ ಒಂದು ಬಿರುಕಿಗೆ ಹೆದರುತ್ತೀಯಾ? ನಿಜ ಹೇಳು. ಬರಿ ಬೆನ್ನು ಊರೆಲ್ಲ ನೋಡಿತೆಂದು ಸಿಟ್ಟು. ಅಷ್ಟೇ ತಾನೆ? ನಾನು ಹೆಸರು ಮಾಡಿದರೆ ನಿನಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ನನಗೆ ಬೇಜಾರಾಗಿದೆ, ಮುಚ್ಚಿಡುವುದಿಲ್ಲ.

ಇನ್ನೊಂದು ಸುದ್ದಿ, ಬೈಯಬೇಡ. ಚಿತ್ರ ನೇತುಹಾಕುವಾಗ ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೇನೆ. ಹಾಗಾಗಿ ಫೆಬ್ರವರಿ ಕೊನೆಗೆ ಬರುತ್ತೇನೆ, ಆದರೆ ಬಂದೇ ಬರುತ್ತೇನೆ.

ಅಲ್ಲಿಯವರೆಗೆ ಇಫೆಡಿ, ಎಬೆರೆ ಇಬ್ಬರೂ ನಿನ್ನ ಮನೆಯ ಹಿಂದಿನ ಕೋಣೆಗೆ ಬಂದಿರುತ್ತಾರೆ. ಪೇಟೆಯ ಸೆಕೆಯಲ್ಲಿ ಬಸುರಿ ಬೇಯುವುದು ಬೇಡ ಎಂದು ನಾನೇ ಒತ್ತಾಯ ಮಾಡಿದೆ. ಮೊದಲು ಆಗುವುದಿಲ್ಲ ಅಂದವನು ಮಾರನೆಯ ದಿನ ತಾನಾಗಿ ಫೋನ್ ಮಾಡಿ ಒಪ್ಪಿದ. ನೀನು ಯಾವ ಸಂತೆಗೆ ಹೋಗುತ್ತೀ, ಬೀಗದ ಕೈ ಎಲ್ಲಿಡುತ್ತೀ ಎಲ್ಲ ಅವನಿಗೆ ಹೇಳಿದ್ದೇನೆ. ಮನೆಗೊಂದು ಗಂಡುದನಿ ಇರಲಿ.

ಅಜುಕಾ


ಉಮುದಾರಾ
ಜನವರಿ 26, ಓರಿಯೆ

ಮಗಳೇ,

ಬೇಜಾರು ಮಾಡಿಕೊಂಡೆ. ಹಾಗಾದರೆ ನಿಜವನ್ನೇ ಬರೆಯುತ್ತೇನೆ. ಕಾಲು ಮುರಿದುಕೊಂಡು ಕೂತವಳಿಗೆ ಇದನ್ನು ಹೇಳಬಾರದು ಅಂದುಕೊಂಡಿದ್ದೆ.

ಕವಲುದಾರಿಯ ಹತ್ತಿರ ಹೊಸ ಪ್ರಾರ್ಥನಾ ಮನೆ ಎದ್ದಿದೆಯಲ್ಲ, ಅಲ್ಲಿನ ಪ್ರವಾದಿ ನನ್ನ ಬೆನ್ನಿನ ಚಿತ್ರವನ್ನು ಫೋನಿನಲ್ಲಿ ಎತ್ತಿ ಹಿಡಿದನಂತೆ. "ಇದೇ ನೋಡಿ ಗಂಟು. ಈ ಹಾವು ನಿಮ್ಮ ಹೆಂಗಸರ ಬಸಿರಿಗೆ ಸುತ್ಕೊಂಡಿರೋದು" ಅಂದನಂತೆ. ನನ್ನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಗೂನು ಬೆನ್ನು ಯಾರದೆಂದು ಊರಿಗೆ ಗೊತ್ತಿಲ್ಲವೇ? ಮಾರನೆಯ ಬೆಳಿಗ್ಗೆ ನನ್ನ ಬಾಗಿಲ ಮೇಲೆ ಇದ್ದಿಲಿನ ಶಿಲುಬೆ ಇತ್ತು. ಒರೆಸಿದೆ. ಮತ್ತೆ ಬಂತು. ಹೋದ ಮಳೆಗಾಲ ಹೊಳೆಯಾಚೆ ಊರಿನಲ್ಲಿ ಒಬ್ಬ ಮುದುಕಿಯ ಬಾಗಿಲಿಗೂ ಹೀಗೇ ಬರೆದಿದ್ದರು. ಅವಳ ಅಡಿಗೆಮನೆಗೆ ಬೆಂಕಿ ಬಿತ್ತು, ಅವಳು ಒಳಗಿದ್ದಳು. ನಾನು ಕಿವುಡಿ. ಬೆಂಕಿ ಚಟಪಟ ಅಂದರೂ ನನಗೆ ಕೇಳಿಸುವುದಿಲ್ಲ. ನನಗೆ ಭಯ, ಅಜುಕಾ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತೇನೆ, ನೆಲ ಅದುರಿದರೆ ತಿಳಿಯಲಿ ಎಂದು.

ನೀನು ಇಫೆಡಿಯನ್ನು ಕಳಿಸಿದ್ದು ಪುಣ್ಯ. ತನ್ನ ಹಾಸಿಗೆಯನ್ನು ನಡುಮನೆಯಲ್ಲೇ ಹಾಕಿಕೊಂಡಿದ್ದಾನೆ. ಎಬೆರೆ ಬಂಗಾರದಂಥವಳು, ನನ್ನ ಕಿವಿಗೆ ಬಾಯಿಟ್ಟು ಮಾತಾಡುತ್ತಾಳೆ. ಇಫೆಡಿ ಮಾತ್ರ ನಾನು ಮಾಡಿದ್ದನ್ನು ಉಣ್ಣುವುದಿಲ್ಲ. ಕೇಳಿದರೆ ಉಪವಾಸ ಅನ್ನುತ್ತಾನೆ. ಹೆಂಡತಿಗೂ ಪೇಟೆಯಿಂದ ಬ್ರೆಡ್ಡು ತರುತ್ತಾನೆ. ಚಿಕ್ಕವನಿದ್ದಾಗ ನನ್ನ ತಟ್ಟೆಗೇ ಕೈ ಹಾಕುತ್ತಿದ್ದವನು! ಭಕ್ತಿ ಹೆಚ್ಚಾಗಿದೆ, ಆಗಲಿ ಬಿಡು.

ಅತ್ತೆ


ಲಾಗೋಸ್
ಜನವರಿ 30

ಅತ್ತೆ,

ನನ್ನ ಚಿತ್ರದಿಂದ ಇದೆಲ್ಲ ಆಯಿತೆಂದು ಒಂದು ಸಲವೂ ಬೈಯಲಿಲ್ಲವಲ್ಲ ನೀನು. ಬೈದಿದ್ದರೆ ಚೆನ್ನಾಗಿತ್ತು. ಇಲ್ಲಿ ನಾನು ಕುಂಟುತ್ತ ನಿಂತು ಬಂದವರಿಗೆಲ್ಲ ನಮ್ಮ ಅಮ್ಮಂದಿರ ಕಲೆ, ನಮ್ಮ ಅಮ್ಮಂದಿರ ಧೈರ್ಯ ಎಂದು ಭಾಷಣ ಕೊಡುತ್ತಿದ್ದೆ.

ನಿನ್ನ ಬೆನ್ನನ್ನು ಗೋಡೆಯಿಂದ ಇಳಿಸಿಬಿಡಲೇ? ನೀನು ಹೇಳಿದಂತೆ.

ಇಫೆಡಿಗೆ ಫೋನ್ ಮಾಡಿ ಅತ್ತೆಯನ್ನು ಒಂಟಿ ಬಿಡಬೇಡ, ಏನೇ ಆದರೂ ಫೋಟೋ ತೆಗೆದು ಕಳಿಸು ಅಂದಿದ್ದೇನೆ. "ಆಯ್ತಕ್ಕ, ನಾನಿದೀನಲ್ಲ" ಅಂದ. ಅವನ ದನಿ ಕೇಳಿದ ಮೇಲೆ ಸ್ವಲ್ಪ ನಿದ್ದೆ ಬಂತು. ಅವನು ಅಲ್ಲಿರುವುದೊಂದೇ ನನಗೆ ಸಮಾಧಾನ. ಉಪವಾಸದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಎರಡು ಕೂಸು ಕಳೆದುಕೊಂಡ ಅಪ್ಪ ಹೀಗೆಲ್ಲ ಹರಕೆ ಹೊರುತ್ತಾನೆ.

ಅಜುಕಾ


ಉಮುದಾರಾ
ಫೆಬ್ರವರಿ 6, ಎಕೆ ಸಂತೆಯ ದಿನ

ಮಗಳೇ,

ನಿನ್ನೆ ನ್ಕ್ವೊ ಸಂತೆಗೆ ಹೋಗಿದ್ದೆ. ಎಬೆರೆಯೂ ನನ್ನ ಜೊತೆ ಬಂದಿದ್ದಳು, ತಾಳೆಎಣ್ಣೆಗೆ. ತಿರುಗಿ ಬಂದಾಗ ಅಂಗಳದ ಉಲಿ ಗಿಡಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು. ಕಾಯಿಗಳನ್ನು ಬರಿಗೈಯಲ್ಲಿ ಹಿಚುಕಿ ಹಿಚುಕಿ ಗೋಡೆಗೆ ಹೊಡೆದಿದ್ದರು. ಹಳೆಯ ಚಿತ್ರಗಳ ಮೇಲೆಲ್ಲ ಅಂಗೈಯಿಂದ ಉಜ್ಜಿದ್ದರು. ಆಗ ನೋಡಿದರೆ ಗೋಡೆ ಬರೀ ಒದ್ದೆಯಾದಂತಿತ್ತು, ಅಷ್ಟೇ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದೆ. ಗೋಡೆಯ ತುಂಬ ಕೈಗಳು, ಅಜುಕಾ. ಕಪ್ಪು ಕೈಗಳು. ಐದೈದು ಬೆರಳು ಬಿಚ್ಚಿಕೊಂಡು, ಒಂದರ ಮೇಲೊಂದು, ಸೂರಿನವರೆಗೆ. ಅಲ್ಲೇ ಹೊಸ್ತಿಲ ಮೇಲೆ ಕೂತೆ. ಉಲಿ ಹಾಗೇ ಎಂದು ಅರವತ್ತು ವರ್ಷದಿಂದ ಗೊತ್ತಿರುವ ನನಗೇ ಎದೆ ಒಡೆಯುವಂತಾಯಿತು. ಹಚ್ಚುವಾಗ ನೀರು, ಅರ್ಧ ದಿನ ಕಳೆದರೆ ಮಸಿ.

ಒರಿಯಾಕು ಬಂದು ನೋಡಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಹೆಂಗಸ್ರಾಗಿದ್ರೆ ಕೈಗೆ ಬಾಳೆಎಲೆ ಸುತ್ಕೊಂಡು ಹಿಚುಕ್ತಿದ್ರು. ಇದು ಯಾವನೋ ಗಂಡಸಿನ ಕೆಲಸ. ಮುಠ್ಠಾಳನಿಗೆ ಇವತ್ತು ಕೈ ನೋಡ್ಕೊಂಡಾಗ ಗೊತ್ತಾಗಿರತ್ತೆ" ಅಂದಳು. ತವರಿನ ಹೆಣ್ಣುಮಕ್ಕಳ ಕೂಟಕ್ಕೆ ಅವಳೇ ಹಿರಿಯಳಲ್ಲವೇ, ಡಂಗುರ ಹೊಡೆಸಿದ್ದಾಳೆ. ಇನ್ನು ಮೂರು ದಿನಕ್ಕೆ ಬರುವ ನ್ಕ್ವೊ ಸಂತೆಯ ದಿನ ಊರಿನ ಗಂಡಸರೆಲ್ಲ ಬಯಲಿಗೆ ಬಂದು ಅಂಗೈ ತೋರಿಸಬೇಕು. ಸಿಕ್ಕಿದವನ ಅಂಗಳದಲ್ಲಿ ಹೆಂಗಸರೆಲ್ಲ ಹೋಗಿ ಕೂರುತ್ತಾರೆ, ಅವನ ಮನೆಯ ಒಲೆ ಉರಿಯಗೊಡುವುದಿಲ್ಲ, ಅವನ ಜೊತೆ ಯಾರೂ ಮಾತಾಡುವ ಹಾಗಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ದಾರಿಯಲ್ಲಿ ಹೋಗುವ ಗಂಡಸರೆಲ್ಲ ಕೈ ನೋಡಿಕೊಳ್ಳುತ್ತಿದ್ದಾರೆ.

ಮಧ್ಯಾಹ್ನ ಇಫೆಡಿ ಉಪವಾಸ ಬಿಟ್ಟ. ಗೆಣಸಿನ ಮುದ್ದೆ, ಕಹಿಸೊಪ್ಪಿನ ಸಾರು ಎಬೆರೆ ಮಾಡಿದ್ದಳು. ಮುದ್ದೆಗೆ ಚಮಚ ಕೇಳಿದ. ಮನೆಯಲ್ಲಿದ್ದದ್ದು ನನ್ನ ಔಷಧಿಯ ಚಮಚ ಒಂದೇ. ತೊಳೆದು ಕೊಟ್ಟೆ.

ನೀನು ಸದ್ಯ ಬರಬೇಡ.

ಅತ್ತೆ


ಲಾಗೋಸ್
ಫೆಬ್ರವರಿ 7

ಅತ್ತೆ,

ಇದನ್ನು ಒಬ್ಬಳೇ ಇದ್ದಾಗ ಓದು.

ಇವತ್ತು ಇಫೆಡಿ ಗೋಡೆಯ ಫೋಟೋಗಳನ್ನು ಕಳಿಸಿದ. ನಿನ್ನ ಕಾಗದ ಇನ್ನೂ ನನ್ನ ಕೈ ಸೇರಿಲ್ಲ. ಗೋಡೆಯ ಕೈಗಳನ್ನು ನೋಡಿಯೇ ನಾನು ಕಿರುಚಿದ್ದೆ. ಆಮೇಲೆ ಮತ್ತೆ ಮತ್ತೆ ನೋಡಿದೆ. ಮೂರನೆಯದರ ಕೆಳಮೂಲೆಯಲ್ಲಿ ಅವನ ಹೆಬ್ಬೆರಳು ಅಡ್ಡ ಬಂದಿದೆ. ಉಗುರಿನ ಸುತ್ತ ಕಪ್ಪು. ಗೆರೆಗೆರೆಯಲ್ಲೂ ಕಪ್ಪು. ಉಲಿಯ ಕಪ್ಪು ನನಗೆ ಗೊತ್ತಿಲ್ಲವೇ, ಅತ್ತೆ? ನಾನು ಅದರಿಂದಲೇ ಬದುಕುವವಳು.

ಬೇಲಿಯೇ ಎದ್ದು ಹೊಲ ಮೇಯ್ದಿದೆ. ಆ ಬೇಲಿ ಕಟ್ಟಿದವಳು ನಾನು. ಸಂತೆಯ ದಿನ ಹೇಳಿದವಳು ನಾನು, ಬೀಗದ ಕೈ ತೋರಿಸಿದವಳು ನಾನು. ಫೋನ್ ಮಾಡೋಣವೆಂದರೆ ಆ ಮನೆಯ ಫೋನ್ ಇರುವುದು ಅವನ ಕೈಯಲ್ಲಿ! ಒರಿಯಾಕುವಿನ ಮನೆಗೆ ಹೊರಟುಬಿಡು. ಈಗಲೇ. ಬಟ್ಟೆ ತೆಗೆದುಕೊಳ್ಳಲೂ ನಿಲ್ಲಬೇಡ. ಅವನು ಕೊಟ್ಟದ್ದನ್ನು ತಿನ್ನಬೇಡ. ಅವನು ನನ್ನ ತಮ್ಮ, ನೀನು ಬೆನ್ನ ಮೇಲೆ ಕಟ್ಟಿಕೊಂಡು ಸಾಕಿದವನು. ಆದರೂ ಹೋಗು.

ಡ್ರೈವರ್ ಕೈ ಹಿಡಿದು ಬೇಡಿಕೊಂಡಿದ್ದೇನೆ, ನಿನ್ನ ಕೈಗೇ ಕೊಡು ಎಂದು. ಪ್ಲಾಸ್ಟರ್ ಇದ್ದರೂ ಸರಿ, ಯಾರಾದರೂ ಕಾರಿನಲ್ಲಿ ಕೂರಿಸಿಕೊಳ್ಳುತ್ತಾರೇನೋ ಎಂದು ಎಲ್ಲರನ್ನೂ ಕೇಳುತ್ತಿದ್ದೇನೆ.

ಅತ್ತೆ, ಬದುಕಿದ್ದೇನೆ ಎಂದು ಒಂದೇ ಸಾಲು ಬರೆ.

ಅಜುಕಾ


ಉಮುದಾರಾ
ಫೆಬ್ರವರಿ 12, ಅಫೊ ಸಂತೆಯ ದಿನ

ಅಜುಕಾ,

ಬದುಕಿದ್ದೇನೆ. ಮೊದಲು ಅದು.

ನಿನ್ನ ಕಾಗದ ನನ್ನ ಕೈಗೆ ಬಂತು, ಆದರೆ ಡ್ರೈವರ್ ಕೈಯಿಂದ ಅಲ್ಲ. ಬಸ್‌ಸ್ಟಾಪಿಗೆ ಹೋಗಿದ್ದವನು ಇಫೆಡಿ. "ಅವರ ಮಗನೇ ಅಲ್ವಾ" ಎಂದು ಡ್ರೈವರ್ ಕೊಟ್ಟಿದ್ದಾನೆ. ಎಬೆರೆ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಕೈಗಳಿಗೆ ಕಾಲುಚೀಲ ಹಾಕಿಕೊಂಡಿದ್ದ ಇಫೆಡಿ ಕಾಗದವನ್ನು ನನ್ನ ಮಡಿಲಿಗೆ ಹಾಕಿದ. ಒಡೆದಿರಲಿಲ್ಲ. ಎದುರಿಗೆ ಮಣೆ ಹಾಕಿಕೊಂಡು ಕೂತು, ಓದು ಎಂದು ಸನ್ನೆ ಮಾಡಿದ. ಬಾಗಿಲ ಹಿಂದೆ ಸೀಮೆಎಣ್ಣೆಯ ಡಬ್ಬ ಇತ್ತು. ಬೆಳಿಗ್ಗೆ ನಾನು ಗುಡಿಸಿದಾಗ ಅದು ಅಲ್ಲಿರಲಿಲ್ಲ.

ನೀನು ಬರೆದದ್ದೆಲ್ಲ ಅವನ ಮುಖದ ಮುಂದೆಯೇ ಓದಿದೆ. ಕಾಗದ ನಡುಗಬಾರದೆಂದು ಮೊಣಕೈಗಳನ್ನು ತೊಡೆಗೆ ಒತ್ತಿಕೊಂಡಿದ್ದೆ. ಏನು ಬರೆದಿದ್ದಾಳೆ ಎಂದು ಅವನ ತುಟಿ ಕೇಳಿತು.

"ಪ್ಲಾಸ್ಟರ್ ಒಳಗೆ ಕಾಲು ತುರಿಸ್ತಿದೆಯಂತೆ" ಅಂದೆ.

ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಕೂಗಿದ. ಅವನು ಬಗ್ಗಿದಾಗ ನಾನು ಕಣ್ಣು ಮುಚ್ಚಿಕೊಂಡೆ, ಅದನ್ನೂ ಬರೆಯುತ್ತೇನೆ. "ಸುಳ್ಳು ಹೇಳ್ಬೇಡ ಅತ್ತೆ. ಚಮಚ ಕೊಟ್ಟ ದಿನಾನೇ ನಿಂಗೆ ಗೊತ್ತಾಗಿದೆ." ಕಾಲುಚೀಲ ಕಿತ್ತೆಸೆದ. ಅಂಗೈ ಎರಡೂ ಹಂಚಿನ ತಳದಂತೆ ಇದ್ದವು. ಉಜ್ಜಿ ಉಜ್ಜಿ ಅಲ್ಲಲ್ಲಿ ಚರ್ಮ ಕಿತ್ತಿತ್ತು. "ಸೋಪು, ಬೂದಿ, ಪೆಟ್ರೋಲು ಎಲ್ಲಾ ಹಾಕ್ದೆ, ಹೋಗ್ತಿಲ್ಲ. ನಿನ್ನ ಗಿಡ ಮುಟ್ಟಿದ್ದಕ್ಕೆ ರಾತ್ರೋರಾತ್ರಿ ಹಿಡ್ಕೊಂಡಿದೆ. ಪ್ರವಾದಿ ಅಂದದ್ದು ನಿಜ. ಎರಡು ಕೂಸು ತಿಂದೆ. ಇದನ್ನೂ ತಿಂತೀಯಾ? ಈ ಗುರುತು ಬಿದ್ರೆ ಬೆಂಕೀನೇ ದಾರಿ ಅಂದಿದಾನೆ ಅವನು."

ಆಗ ನನಗೆ ತಿಳಿಯಿತು, ಮಗಳೇ. ನನ್ನ ಭಯದಷ್ಟೇ ದೊಡ್ಡ ಭಯ ಅವನಿಗೂ ಇತ್ತು. ನಾನು ಬೆಂಕಿಗೆ ಹೆದರಿ ಗೋಡೆಗೆ ಒರಗಿ ಕೂತಿದ್ದರೆ, ಅವನು ನನಗೆ ಹೆದರಿ ನಡುಮನೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದ, ಎಬೆರೆಯ ಕೋಣೆಗೆ ನಾನು ಹೋಗದಂತೆ. ಉಲಿ ಆಮೇಲೆ ಕಪ್ಪಾಗುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಹೆಂಗಸರು ಉಲಿ ಅರೆಯುವಲ್ಲಿಗೆ ಗಂಡುಹುಡುಗರು ಬಂದರೆ ನಾವೇ ತಾನೆ ಓಡಿಸುತ್ತಿದ್ದದ್ದು?

"ಶಾಪ ಅಲ್ಲ ಕತ್ತೆ, ಅದು ಕಾಯಿ" ಅಂದೆ. ಅವನು ನಂಬಲಿಲ್ಲ. ಬಚ್ಚಲ ಹಿಂದಿನ ಗಿಡ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನನ್ನೇ ಕರೆದುಕೊಂಡು ಹೋಗಿ ಒಂದು ಕಾಯಿ ಕಿತ್ತು, ಅವನ ಕಣ್ಣೆದುರಿಗೇ ನನ್ನ ಬಲ ಅಂಗೈಯಲ್ಲಿ ಹಿಚುಕಿದೆ. ನೀರಿನಂಥ ರಸ. "ನೋಡು, ಈಗ ಏನಾದ್ರೂ ಇದೆಯಾ? ಇಲ್ಲ ತಾನೆ? ಸಂಜೆ ತನಕ ಕೂತ್ಕೋ. ಕಪ್ಪಾಗ್ಲಿಲ್ಲ ಅಂದ್ರೆ ಆ ಡಬ್ಬ ನಾನೇ ಎತ್ಕೊಡ್ತೀನಿ."

ಕೂತೆವು. ಅವನು ಡಬ್ಬದ ಪಕ್ಕ, ನಾನು ಕೈ ಚಾಚಿಕೊಂಡು. ಅಜುಕಾ, ನಾನು ದೇವರಿಗೆ ಹೇಳಿಕೊಳ್ಳದ ಹರಕೆಯಿಲ್ಲ. ಗಿಡಕ್ಕೆ ವಯಸ್ಸಾಗಿದೆ, ನೆರಳಿನಲ್ಲಿ ಬೆಳೆದದ್ದು. ಕೆಲವು ಕಾಯಿ ಬಣ್ಣ ಕೊಡದೆಯೂ ಹೋಗುತ್ತವೆಂದು ನಿನಗೂ ಗೊತ್ತು. ಮಧ್ಯಾಹ್ನ ಕಳೆದರೂ ಅಂಗೈ ಹಾಗೇ ಇತ್ತು. ಅವನು ಒಂದು ಸಲ ಎದ್ದು ನಿಂತ. ನಾನು ಕೈ ಇಳಿಸಲಿಲ್ಲ. ಕೋಳಿಗಳು ಗೂಡಿಗೆ ಬರುವ ಹೊತ್ತಿಗೆ ಗೆರೆಗಳಲ್ಲಿ ಹಸಿರು ಹೊರಳಿತು, ಆಮೇಲೆ ಬೂದಿ, ಆಮೇಲೆ ಕಪ್ಪು. ಅವನು ನನ್ನ ಕೈಯನ್ನು ತನ್ನ ಕೈಯ ಪಕ್ಕ ಇಟ್ಟುಕೊಂಡು ನೋಡಿದ. ಎರಡೂ ಒಂದೇ.

"ನನ್ನ ಮೇಲೆ ನಾನೇ ಶಾಪ ಹಾಕ್ಕೊಂಡ್ನೇನೋ?" ಅಂದೆ.

ಅವನು ಅತ್ತ. ಮೊದಲ ಕೂಸು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಸೀಮೆಎಣ್ಣೆ ನಾನೇ ಎತ್ತಿಕೊಂಡು ಹೋಗಿ ಒರಿಯಾಕುವಿನ ಮನೆಯಲ್ಲಿಟ್ಟು ಬಂದೆ, ದೀಪಕ್ಕೆ ಆಗಲಿ ಎಂದು.

ಮಾರನೆಯ ದಿನ ನ್ಕ್ವೊ. ಬಯಲಲ್ಲಿ ಗಂಡಸರು ಸಾಲಾಗಿ ಕೈ ಚಾಚಿ ನಿಂತಿದ್ದರು. ಒರಿಯಾಕು ಅವನ ಮುಂದೆ ನಿಂತಳು. ಬಯಲು ಬಾಯಿ ಮುಚ್ಚಿದ್ದು ನನ್ನ ಕಣ್ಣಿಗೇ ಕಂಡಿತು. ನಾನು ನನ್ನ ಕಪ್ಪು ಅಂಗೈ ಎತ್ತಿ ಹಿಡಿದು ಕೂಗಿದೆ: "ಇವನೂ ನಾನೂ ಸೇರಿ ಅರೆದ್ವಿ. ಎಬೆರೆ ಹೊಟ್ಟೆಗೆ ಬರೀಬೇಕಿತ್ತು. ನಂಗೆ ಅರೆಯೋ ಶಕ್ತಿ ಎಲ್ಲಿದೆ?" ಕೂಟದ ಮುಂದೆ ಸುಳ್ಳು ಹೇಳಿದವರ ಗತಿ ನಿನಗೆ ಗೊತ್ತು. ಅವನನ್ನು ಹಿಡಿದುಕೊಟ್ಟಿದ್ದರೆ ಅವನಿರುವ ನಮ್ಮ ಅಂಗಳದಲ್ಲೇ ಹೆಂಗಸರು ಕೂರುತ್ತಿದ್ದರು, ಒಲೆ ಆರುತ್ತಿತ್ತು, ಒಳಗೆ ದಿನ ತುಂಬಿದ ಎಬೆರೆ ಇದ್ದಳು. ಒರಿಯಾಕು ನನ್ನ ಮುಖವನ್ನೇ ನೋಡಿದಳು. ನಂಬಲಿಲ್ಲ, ನನಗೆ ಗೊತ್ತು. ಆಮೇಲೆ "ಅಯ್ಯೋ ಗಂಡಸೇ! ಉಲಿ ಅರೆದ್ಯಾ? ನಾಳೆಯಿಂದ ಸೊಪ್ಪೂ ಸೋಸ್ಕೊಡು!" ಎಂದು ತೊಡೆ ತಟ್ಟಿಕೊಂಡು ನಕ್ಕಳು. ಬಯಲೆಲ್ಲ ನಕ್ಕಿತು. ಅವನು ಸಾಯುವತನಕ ಆ ಹೆಸರು ಹೋಗುವುದಿಲ್ಲ.

ಹೇಳಿದ ಮೇಲೆ ಬರೆಯಲೇಬೇಕಾಯಿತು. ಬಚ್ಚಲ ಹಿಂದಿನ ಗಿಡದ ಉಳಿದ ಕಾಯಿಗಳನ್ನು ಇಫೆಡಿಯೇ ಅರೆದ, ಅವನೇ ಬಟ್ಟಲು ಹಿಡಿದ. ಎಬೆರೆಯ ಹೊಟ್ಟೆಯ ಮೇಲೆ ಹೆಬ್ಬಾವಿನ ಸುರುಳಿಯನ್ನು ಒಂದೊಂದು ಗೆರೆಗೂ ನಿಂತು ನಿಂತು ಎಳೆದೆ. ಈ ಕೂಸಿಗೆ ಏನಾದರೂ ಆದರೆ ನನ್ನನ್ನು ಸುಡಲು ಪ್ರವಾದಿ ಬೇಕಾಗುವುದಿಲ್ಲ, ಊರೇ ಸಾಕು. "ಬರಿ ಅತ್ತೆ, ನಂಗೆ ತಂಪಾಗ್ತಿದೆ" ಅಂದಳು ಎಬೆರೆ.

ನಿನ್ನೆ ನೋವು ಬಂತು. ದವಾಖಾನೆಯ ನರ್ಸಮ್ಮ ಒಳಗೆ, ನಾನು ಬಾಗಿಲಲ್ಲಿ, ಇಫೆಡಿ ಅಂಗಳದಲ್ಲಿ. ನರ್ಸಮ್ಮನ ಕೈಗೆ ಕೂಸು ಬಂದದ್ದು ಕಂಡಿತು. ಬಾಯಿ ತೆರೆದಿತ್ತು. ಅಳು ಕೇಳಿಸಲಿಲ್ಲ. ಅಳುತ್ತಿಲ್ಲವೋ, ನನಗೆ ಕೇಳಿಸುತ್ತಿಲ್ಲವೋ? ಒಳಗೆ ಹೋಗಿ ಆ ಪುಟ್ಟ ಎದೆಯ ಮೇಲೆ ಅಂಗೈ ಇಟ್ಟೆ. ಕೈಯ ಕೆಳಗೆ ಅಳು ನಡುಗುತ್ತಿತ್ತು, ಮಗಳೇ. ಜೋರಾಗಿ. ಹೆಣ್ಣು ಕೂಸು.

ಪ್ರವಾದಿ ಇನ್ನೂ ಕವಲುದಾರಿಯಲ್ಲೇ ಇದ್ದಾನೆ. ಭಯ ಹೋಯಿತು ಅಂದರೆ ಸುಳ್ಳಾಗುತ್ತದೆ. ಆದರೆ ಇವತ್ತು ಬೆಳಿಗ್ಗೆ ಬಾಗಿಲ ಮೇಲೆ ಶಿಲುಬೆ ಇರಲಿಲ್ಲ. ನನ್ನ ಬೆನ್ನನ್ನು ಅಲ್ಲಿಂದ ಇಳಿಸಬೇಡ. ಗೋಡೆಯ ಕೈಗಳನ್ನೂ ನಾನು ಬಳಿದು ಮುಚ್ಚಿಲ್ಲ, ಮಳೆ ಬಂದು ತೊಳೆಯಲಿ. ನೀನು ಕಾಲು ಸರಿಯಾದ ಮೇಲೆ ಬಾ.

ಒಂದು ಮಾತು ಬರೆಯುವುದು ಉಳಿಯಿತು. ಕೂಸನ್ನು ಒರೆಸಿ ಬಿಳಿ ಬಟ್ಟೆಯಲ್ಲಿ ಸುತ್ತಿ ಇಫೆಡಿಯ ಹತ್ತಿರ ಒಯ್ದೆ. ಅವನು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಹಿಂದೆ ಸರಿದ. ಕಪ್ಪು ಇನ್ನೂ ಹೋಗಿಲ್ಲ. ಅದು ಕೂಸಿಗೆ ಹತ್ತೀತು ಎಂದು ಅವನಿಗೆ ಹೆದರಿಕೆ.

"ಒಣಗಿದ ಉಲಿ ಇನ್ನೊಬ್ರಿಗೆ ಹತ್ತಲ್ಲ ಕಣೋ" ಅಂದೆ. "ಎತ್ಕೋ."

ಎತ್ತಿಕೊಂಡ. ಬಟ್ಟೆ ಬೆಳ್ಳಗೇ ಉಳಿಯಿತು.

ನಿನ್ನ ಅತ್ತೆ
ಅಕುಬಾತಾ